ಹದಿನೈದು ದಿನದಲ್ಲಿ ಯಾರಿಗಾದರೂ ಹುಷಾರಿರಲಿಲ್ವಾ?

ಬೆಳ್ತಂಗಡಿ ಕಡೆಯ ಒಂದು ಮನೆಯ ಜಗಲಿ. ಮಳೆ ಆಗಷ್ಟೇ ನಿಂತಿತ್ತು. ನನ್ನ ಕೈಯಲ್ಲಿ 22 ಪುಟದ ಪ್ರಶ್ನಾವಳಿ. ಎದುರಿಗೆ ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಒಬ್ಬರು ಅಕ್ಕ.

"ನೀವು ಎಂತ ಕೆಲಸ ಮಾಡುವುದು ಅಕ್ಕ?"

"ಎಂತ ಕೆಲಸ? ಮನೆಯಲ್ಲೇ ಇರುವುದು."

ಹೇಳುವಾಗಲೂ ಅವರ ಕೈ ನಿಲ್ಲಲಿಲ್ಲ. ಎಲೆ ತೆಗೆದು, ಹೊಗೆಸೊಪ್ಪಿನ ಹುಡಿ ಹಾಕಿ, ಸುರುಳಿ ಸುತ್ತಿ, ನೂಲು ಕಟ್ಟಿ ಗೆರಸೆಗೆ ಹಾಕಿದರು. ಇಷ್ಟು ಹೊತ್ತಿಗೆ ನಾನು ಇನ್ನೂ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ. ಮುಂದಿನ ಪ್ರಶ್ನೆ ಆರೋಗ್ಯದ್ದು. ಕಳೆದ ಹದಿನೈದು ದಿನದಲ್ಲಿ ಮನೆಯಲ್ಲಿ ಯಾರಿಗಾದರೂ ಹುಷಾರಿರಲಿಲ್ವಾ? "ಇಲ್ಲ, ದೇವರ ದಯೆಯಿಂದ ಎಲ್ಲರೂ ಸೌಖ್ಯ ಇದ್ದೇವೆ" ಅಂದರು. ಒಳಗಿನಿಂದ ಅವರ ಮಾವ ಕೆಮ್ಮುವುದು ಕೇಳುತ್ತಲೇ ಇತ್ತು. ಅಕ್ಕನ ಬಲ ಭುಜಕ್ಕೆ ಒಂದು ಬಟ್ಟೆ ಬಿಗಿದು ಕಟ್ಟಿತ್ತು. ಅದೇನು ಅಂತ ಕೇಳಿದೆ. "ಅದು ಯಾವಾಗಲೂ ಇರುವುದಲ್ವಾ" ಅಂದರು.

ಮೂರನೆಯ ಪ್ರಶ್ನೆ ಆದಾಯದ್ದು. ತಿಂಗಳಿಗೆ ಮನೆಗೆ ಎಷ್ಟು ಬರುತ್ತದೆ? ಅವರು ನಕ್ಕರು. "ಬರುವುದು ಗೊತ್ತಾಗುವುದಿಲ್ಲ, ಹೋಗುವುದು ಮಾತ್ರ ಗೊತ್ತಾಗುವುದು."

ಅಲ್ಲಿಗೆ ನನ್ನ ಫಾರಂ ಹೀಗಿತ್ತು: ಕೆಲಸ ಇಲ್ಲ, ಕಾಯಿಲೆ ಇಲ್ಲ, ಆದಾಯ ಗೊತ್ತಿಲ್ಲ. ಅವರು ಒಂದೂ ಸುಳ್ಳು ಹೇಳಿರಲಿಲ್ಲ.

ನಾನು ಕೆಲವು ವರ್ಷ ಇಂಥ ಸರ್ವೆ ಕೆಲಸ ಮಾಡಿದೆ. ಒಂದು ಸಂಶೋಧನಾ ಸಂಸ್ಥೆಗಾಗಿ, ಮನೆ ಮನೆಗೆ ಹೋಗಿ, ದುಡಿಮೆ, ಆರೋಗ್ಯ, ವರಮಾನ ಮೂರನ್ನೂ ಕೇಳುವುದು. ನನ್ನ ಅಮ್ಮನೂ ಬೀಡಿ ಕಟ್ಟಿದವರು. ಹಾಗಾಗಿ ಆ ಅಕ್ಕನ ಮೊದಲ ಉತ್ತರ ನನಗೆ ಹೊಸದೇನಲ್ಲ. ಚಿಕ್ಕವಳಿದ್ದಾಗ ಶಾಲೆಯ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಅನ್ನುವ ಜಾಗದಲ್ಲಿ 'ಗೃಹಿಣಿ' ಅಂತ ನಾನೇ ಬರೆದಿದ್ದೆ. ಅಮ್ಮ ಪಕ್ಕದಲ್ಲೇ ಕೂತು ಎಲೆ ಕತ್ತರಿಸುತ್ತಿದ್ದರು, ಸರಿ ಅಂತ ತಲೆಯಾಡಿಸಿದ್ದರು.

ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಸಂಕೇತ ಸಂಖ್ಯೆಗಳನ್ನು. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಬಹಳ ಕಾಲದಿಂದ ಬಳಸುವ ಸಂಖ್ಯೆಗಳೇ ನಮ್ಮ ಫಾರಂನಲ್ಲೂ ಇದ್ದವು. ಸ್ವಂತ ಉದ್ಯೋಗಕ್ಕೆ 11, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ನೆರವಾಗುವವರಿಗೆ 21, ತಿಂಗಳ ಸಂಬಳದವರಿಗೆ 31, ದಿನಗೂಲಿಗೆ 51, ಮನೆಗೆಲಸ ಮಾತ್ರ ಮಾಡುವವರಿಗೆ 92. ಆ ದಿನ ಜಗಲಿಯಲ್ಲಿ ಕೂತು ನಾನು 92 ಅಂತ ಬರೆದೆ. ಆಮೇಲೆ ಹೊಡೆದು ಹಾಕಿ 11 ಮಾಡಿದೆ. ಮನೆಯಲ್ಲೇ ಕೂತು ಬೇರೆಯವರಿಗಾಗಿ, ಮಾಡಿದಷ್ಟಕ್ಕೆ ಕೂಲಿ ಪಡೆದು ದುಡಿಯುವವರನ್ನು ಅಲ್ಲಿ ಸ್ವಂತ ಉದ್ಯೋಗದವರು ಅಂತಲೇ ಎಣಿಸುವುದು.

ಆದರೆ ಇದೂ ನನಗೆ ಸರಿ ಅನ್ನಿಸಲಿಲ್ಲ. ಎಲೆ ಬ್ರಾಂಚಿನದು, ಅಂದರೆ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಡೆಯದು. ಹೊಗೆಸೊಪ್ಪು ಬ್ರಾಂಚಿನದು, ನೂಲೂ ಅವರದೇ. ಸಾವಿರಕ್ಕೆ ಎಷ್ಟು ಅನ್ನುವುದನ್ನು ಅಕ್ಕ ನಿರ್ಧರಿಸುವುದಿಲ್ಲ. ಸರಿಯಿಲ್ಲ ಅಂತ ಪಕ್ಕಕ್ಕೆ ತಳ್ಳಿದ ಬೀಡಿಗೆ ಹಣ ಇಲ್ಲ. ಇದರಲ್ಲಿ ಸ್ವಂತದ್ದು ಎಂತ ಉಂಟು? ಬೀಡಿ ಕಾರ್ಮಿಕರ 1966ರ ಕಾನೂನು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರು ಅಂತಲೇ ಒಪ್ಪಿಕೊಂಡಿತ್ತು. ಅದನ್ನು ಮಾಲೀಕರು ಕೋರ್ಟಿನಲ್ಲಿ ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು, ಮತ್ತು ಆ ಮೊಕದ್ದಮೆ ಹೋದದ್ದು ನಮ್ಮ ಮಂಗಳೂರಿನಿಂದಲೇ. ನಮ್ಮ ಅಮ್ಮಂದಿರಿಗೆ ಪಿಎಫ್ ಸಿಕ್ಕಿದ್ದು ಇಂಥ ಹೋರಾಟಗಳಿಂದ. ಅಂದರೆ ಕಾನೂನಿನ ಪ್ರಕಾರ ಅವರು ಕಾರ್ಮಿಕರು, ಅಂಕಿ ಅಂಶದಲ್ಲಿ ಸ್ವಂತ ಉದ್ಯೋಗದವರು, ಅವರ ಬಾಯಲ್ಲಿ ಸುಮ್ನೆ ಮನೆಯಲ್ಲಿ ಇರುವವರು. ಒಬ್ಬರೇ ಹೆಂಗಸು, ಮೂರು ಹೆಸರು.

ನಮ್ಮಲ್ಲಿ ಫಾರಂ ಕನ್ನಡದ್ದು, ಮಾತು ತುಳುವಿನದು. ನಾವು ಸಾಮಾನ್ಯವಾಗಿ ಕೇಳುತ್ತಿದ್ದದ್ದು "ಬೇಲೆಗ್ ಪೋಪರಾ?" ಅಂತ. ಕೆಲಸಕ್ಕೆ ಹೋಗುತ್ತೀರಾ ಅಂತ ಅರ್ಥ. ಕೆಲಸ ಅಂದರೆ ಹೋಗುವಂಥದ್ದು. ಚಪ್ಪಲಿ ಹಾಕಿ, ಬುತ್ತಿ ಕಟ್ಟಿಕೊಂಡು, ಬಸ್ಸು ಹತ್ತಿ. ಬೀಡಿ ಹಾಗಲ್ಲ. ಅನ್ನ ಬೇಯುವಾಗ ನೂರು, ಮಗು ಮಲಗಿದಾಗ ಇನ್ನೂರು, ರಾತ್ರಿ ಊಟ ಮುಗಿದ ಮೇಲೆ ಉಳಿದದ್ದು. ಇದನ್ನು ಕೇಳಬೇಕಾದರೆ ಪ್ರಶ್ನೆಯನ್ನೇ ಬದಲಿಸಬೇಕು ಅಂತ ನನಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಆಮೇಲೆ ನಾನು "ನಿನ್ನೆ ಬೆಳಿಗ್ಗೆ ಎದ್ದ ಮೇಲೆ ಎಂತ ಮಾಡಿದಿರಿ?" ಅಂತ ಶುರು ಮಾಡುತ್ತಿದ್ದೆ. ಆಗ ಬೀಡಿ ತಾನಾಗಿಯೇ ಮಾತಿನಲ್ಲಿ ಬರುತ್ತಿತ್ತು, ಒಂದಲ್ಲ ನಾಲ್ಕು ಸಲ.

ದೇಶದ ಮಟ್ಟದಲ್ಲಿ ಇದನ್ನೇ ಸರಿಯಾಗಿ ಮಾಡಿದ್ದು 2019ರ ಸಮಯ ಬಳಕೆ ಸಮೀಕ್ಷೆ. ನಿನ್ನೆ ಬೆಳಗಿನ ಜಾವ 4 ಗಂಟೆಯಿಂದ ಇವತ್ತು 4 ಗಂಟೆಯವರೆಗೆ, ಅರ್ಧ ಗಂಟೆಗೊಂದರಂತೆ, ಏನು ಮಾಡಿದಿರಿ ಅಂತ ಕೇಳುವುದು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟಿದ್ದರು, ಗಂಡಸರು 97. ಐದು ವರ್ಷದ ನಂತರ, 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದ್ದು 289, ಗಂಡಸರದ್ದು 88. ಇಬ್ಬರದ್ದೂ ಸ್ವಲ್ಪ ಇಳಿದಿದೆ, ನಡುವಿನ ಅಂತರ ಹಾಗೇ ಇದೆ.

ಇನ್ನೊಂದು ಕಡೆ, ದುಡಿಮೆಯ ವಾರ್ಷಿಕ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರ ಪಾಲು 2017-18ರಲ್ಲಿ 23.3% ಇದ್ದದ್ದು 2023-24ಕ್ಕೆ 41.7% ಆಯಿತು. ಇಷ್ಟು ದೊಡ್ಡ ಏರಿಕೆಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಜಗಲಿ, ನಾನು ಹೊಡೆದು ಹಾಕಿದ 92. ಏರಿಕೆಯ ದೊಡ್ಡ ಭಾಗ ಹಳ್ಳಿಯದು, ಅದರಲ್ಲೂ ಸ್ವಂತ ಉದ್ಯೋಗ ಮತ್ತು ಮನೆಯ ಕಸುಬಿಗೆ ನೆರವು ಅನ್ನುವ ಸಾಲಿನದು. ಎಷ್ಟು ಜನ ಹೊಸದಾಗಿ ದುಡಿಯಲು ಶುರು ಮಾಡಿದರು, ಎಷ್ಟು ಜನ ಮೊದಲಿನಿಂದಲೂ ದುಡಿಯುತ್ತಿದ್ದು ಈಗ ಕಣ್ಣಿಗೆ ಬಿದ್ದರು? ಇದು ಸಣ್ಣ ಪ್ರಶ್ನೆಯಲ್ಲ ಅಂತ ನನ್ನ ಅಭಿಪ್ರಾಯ.

ಈಗ ಕಾಯಿಲೆಯ ವಿಷಯಕ್ಕೆ ಬರುತ್ತೇನೆ. ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಆ ಹದಿನೈದು ದಿನದ ಪ್ರಶ್ನೆಯನ್ನು ನಾನು ಸಾವಿರಾರು ಸಲ ಕೇಳಿದ್ದೇನೆ. ಕೇಳಿ ಕೇಳಿ ಒಂದು ವಿಚಿತ್ರ ಗಮನಕ್ಕೆ ಬಂತು. ಟೈಲ್ಸ್ ಹಾಕಿದ, ಎದುರಿಗೆ ಕಾರು ನಿಂತ ಮನೆಯಲ್ಲಿ ಕಾಯಿಲೆಯ ಪಟ್ಟಿ ಉದ್ದ ಇರುತ್ತಿತ್ತು. ಶೀತ, ಗ್ಯಾಸ್ಟ್ರಿಕ್, ಮಗುವಿಗೆ ಅಲರ್ಜಿ, ಯಾವ ಡಾಕ್ಟರು, ಎಷ್ಟು ಫೀಸು, ಎಲ್ಲವೂ ಬಾಯಲ್ಲಿ. ಐದು ಸೆಂಟ್ಸ್ ಜಾಗದ ಮನೆಯಲ್ಲಿ ಎಲ್ಲರೂ ಸೌಖ್ಯ. ಈ ಫಾರಂಗಳನ್ನು ಹಾಗೇ ಕೂಡಿಸಿದರೆ ಬಡವರೇ ಜಾಸ್ತಿ ಆರೋಗ್ಯವಾಗಿದ್ದಾರೆ ಅಂತ ಬರುತ್ತದೆ! ನಮ್ಮ ಕಡೆ ಕಾಯಿಲೆಗೆ ಸೀಕು ಅನ್ನುವುದು. ಸೀಕು ಅಂದರೆ ಏನು ಅಂತ ಒಂದು ಸಲ ಅದೇ ಅಕ್ಕನನ್ನು ಕೇಳಿದ್ದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು, "ಮಲಗಿದರೆ ಸೀಕು. ಎದ್ದು ಕೆಲಸ ಮಾಡ್ತಾ ಇದ್ದರೆ ಅದು ಸೀಕು ಅಲ್ಲ."

ಇದನ್ನು ದೆಹಲಿಯಲ್ಲಿ ಪ್ರಯೋಗ ಮಾಡಿಯೇ ನೋಡಿದ್ದಾರೆ. 2000ದಿಂದ 2002ರವರೆಗೆ ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಅವರ ಜೊತೆಗಾರರು ಒಂದಷ್ಟು ಕುಟುಂಬಗಳನ್ನು ಮತ್ತೆ ಮತ್ತೆ ಭೇಟಿಯಾದರು. ಕೆಲವು ಸಲ ಕಳೆದ ಒಂದು ವಾರದ ಕಾಯಿಲೆ ಕೇಳಿದರು, ಕೆಲವು ಸಲ ಕಳೆದ ಒಂದು ತಿಂಗಳದ್ದು. ತಿಂಗಳು ಅಂತ ಕೇಳಿದಾಗ ಮರೆವು ಜಾಸ್ತಿ, ಅದು ಯಾರಿಗಾದರೂ ಗೊತ್ತು. ಆದರೆ ಬಡ ಮನೆಗಳಲ್ಲಿ ಆ ಮರೆವು ಉಳಿದವರಿಗಿಂತ ತುಂಬಾ ಜಾಸ್ತಿ ಇತ್ತು. ಎಷ್ಟು ಅಂದರೆ, ಒಂದು ರೀತಿ ಕೇಳಿದರೆ ಡಾಕ್ಟರ ಹತ್ತಿರ ಜಾಸ್ತಿ ಹೋಗುವವರು ಬಡವರು ಅಂತ ಬರುತ್ತದೆ, ಇನ್ನೊಂದು ರೀತಿ ಕೇಳಿದರೆ ಶ್ರೀಮಂತರು ಅಂತ. ಕಾಯಿಲೆ ದಿನನಿತ್ಯದ್ದೇ ಆಗಿಬಿಟ್ಟಿದ್ದರಿಂದ ನೆನಪಿನಲ್ಲಿ ಉಳಿಯದೆ ಇರಬಹುದು ಅಂತ ಅವರು ಬರೆದರು. ಅದು ಯಾವಾಗಲೂ ಇರುವುದಲ್ವಾ. ನನಗೆ ಅದನ್ನು ಓದಿದ ದಿನ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಅಮರ್ತ್ಯ ಸೇನ್ 2002ರಲ್ಲಿ ಇದೇ ಮಾತನ್ನು ರಾಜ್ಯಗಳ ಮಟ್ಟದಲ್ಲಿ ಹೇಳಿದ್ದರು. ಆಗ ದೇಶದಲ್ಲೇ ಜಾಸ್ತಿ ವರ್ಷ ಬದುಕುತ್ತಿದ್ದ ಕೇರಳದವರೇ ಜಾಸ್ತಿ ಕಾಯಿಲೆ ಹೇಳಿಕೊಳ್ಳುತ್ತಿದ್ದರು. ಆಯುಷ್ಯ ಕಡಿಮೆ ಇದ್ದ ಬಿಹಾರದಲ್ಲಿ ಹೇಳಿಕೊಳ್ಳುವುದೂ ಕಡಿಮೆ ಇತ್ತು. ನಮ್ಮ ಜಿಲ್ಲೆಯ ಗಡಿ ದಾಟಿದರೆ ಕಾಸರಗೋಡು, ಹಾಗಾಗಿ ಈ ಮಾತು ನನಗೆ ಪುಸ್ತಕದ ಮಾತಾಗಿ ಕಾಣಲಿಲ್ಲ. ಡಾಕ್ಟರು ಹತ್ತಿರ ಇದ್ದು, ಹೋದರೆ ಏನಾದರೂ ಆಗುತ್ತದೆ ಅನ್ನುವ ನಂಬಿಕೆ ಇದ್ದಾಗಲೇ ಜನ ನೋವಿಗೆ ಕಾಯಿಲೆ ಅನ್ನುವ ಹೆಸರು ಕೊಡುವುದು.

ಆದಾಯದ ಕಥೆ ಇನ್ನೊಂದು. ನಮ್ಮ ದೇಶದಲ್ಲಿ ಬಡತನವನ್ನು ಆದಾಯದಿಂದ ಅಳೆಯುವುದಿಲ್ಲ, ಖರ್ಚಿನಿಂದ ಅಳೆಯುತ್ತಾರೆ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಮಾದರಿ ಸಮೀಕ್ಷೆ ಶುರುವಾದ ಮೇಲೆ 1955ರಲ್ಲಿ, ಮತ್ತೆ 1958-59ರಲ್ಲಿ ಆದಾಯವನ್ನೂ ಕೇಳಿ ನೋಡಿದ್ದರು. 1983-84ರಲ್ಲಿ ಇನ್ನೊಮ್ಮೆ. ಜನ ಹೇಳಿದ ಆದಾಯ, ಅವರೇ ಹೇಳಿದ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂತು. ಕೈಬಿಟ್ಟರು. ಈಗ 2026ರಲ್ಲಿ ದೇಶದಾದ್ಯಂತ ಆದಾಯದ ಸಮೀಕ್ಷೆ ಮಾಡುವುದಾಗಿ ಕೇಂದ್ರದ ಅಂಕಿ ಅಂಶಗಳ ಸಚಿವಾಲಯ 2025ರಲ್ಲಿ ಪ್ರಕಟಿಸಿತು.

ಜನ ಮುಚ್ಚಿಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಮುಚ್ಚಿಡುವವರು ಇದ್ದಾರೆ, ರೇಷನ್ ಕಾರ್ಡು ಹೋದೀತು ಅನ್ನುವ ಹೆದರಿಕೆ ನಿಜ. ಆದರೆ ಆ ಅಕ್ಕನ ಮನೆಯನ್ನೇ ನೋಡಿ. ಗಂಡನಿಗೆ ರಬ್ಬರ್ ಟ್ಯಾಪಿಂಗ್, ಮಳೆ ಬಂದರೆ ಇಲ್ಲ. ನಡುವೆ ಯಾರದೋ ತೋಟದಲ್ಲಿ ಅಡಿಕೆ ಸುಲಿಯುವುದು. ಅಕ್ಕನ ಬೀಡಿ. ಮಾವನ ಪಿಂಚಣಿ, ಬಂದ ತಿಂಗಳು ಬಂತು. ಮನೆ ಹಿಂದೆ ಆರು ತೆಂಗಿನ ಮರ. ಒಂದು ಹಸು, ಹಾಲು ಸೊಸೈಟಿಗೆ, ಆ ದುಡ್ಡು ಹಿಂಡಿಗೇ ಸರಿಹೋಗುತ್ತದೆ. ಪ್ರತಿ ವಾರ ಸಂಘದ ಕಂತು ಕಟ್ಟಬೇಕು. ಇದನ್ನೆಲ್ಲ ಕೂಡಿಸಿ, ಕಳೆದು, 12ರಿಂದ ಭಾಗಿಸಿ ಜಗಲಿಯಲ್ಲಿ ನಿಂತ ನನಗೆ ಒಂದು ಅಂಕಿ ಕೊಡಿ ಅಂದರೆ ಯಾರು ಕೊಡುತ್ತಾರೆ? ತಿಂಗಳ ಆದಾಯ ಅನ್ನುವುದು ತಿಂಗಳ ಸಂಬಳದವರು ಮಾಡಿದ ಪ್ರಶ್ನೆ.

ಹಾಗಾದರೆ ಮರೆಯಲಾಗದ್ದನ್ನು ಕೇಳಿದರೆ? ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಉತ್ತರ ಕರ್ನಾಟಕದಲ್ಲಿ ಮೊದಲು ಬಂತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಸುಟ್ಟ ಗಾಯ ಇಂಥ ದೊಡ್ಡ ಚಿಕಿತ್ಸೆ ಉಚಿತ. ದಕ್ಷಿಣದ ಜಿಲ್ಲೆಗಳಿಗೆ ಆಗ ಇನ್ನೂ ಬಂದಿರಲಿಲ್ಲ. ಸಂಶೋಧಕರು ಆ ಗೆರೆಯ ಆಚೆ ಈಚೆಯ 572 ಹಳ್ಳಿಗಳನ್ನು ಆರಿಸಿ, 31,476 ಮನೆಗಳಿಗೆ ಹೋಗಿ, ಯಾರು ತೀರಿಕೊಂಡರು ಅಂತ ಕೇಳಿದರು. ಭುಜದ ನೋವನ್ನು ಜನ ಮರೆಯಬಹುದು, ಸಾವನ್ನು ಯಾವ ಮನೆಯೂ ಮರೆಯುವುದಿಲ್ಲ. ಯೋಜನೆ ಇದ್ದ ಹಳ್ಳಿಗಳ ಬಿಪಿಎಲ್ ಮನೆಗಳಲ್ಲಿ, ಆ ಯೋಜನೆಯಿಂದ ತಡೆಯಬಹುದಾಗಿದ್ದ ಕಾಯಿಲೆಗಳ ಸಾವು 0.32%. ಇಲ್ಲದ ಕಡೆ 0.90%. ಎಪಿಎಲ್ ಮನೆಗಳಲ್ಲಿ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, 0.56 ಮತ್ತು 0.55. ಆಸ್ಪತ್ರೆಗೆ ಕೈಯಿಂದ ಹಾಕಿದ ಖರ್ಚೂ ಯೋಜನೆ ಇದ್ದ ಕಡೆ 34% ಕಡಿಮೆ. ಈ ಅಂಕಿಗಳು 2014ರಲ್ಲಿ ಪ್ರಕಟವಾದವು. ಪಕ್ಕಪಕ್ಕದ ಎರಡು ಹಳ್ಳಿ, ಅದೇ ಜೋಳ, ಅದೇ ಬಿಸಿಲು. ನಡುವೆ ಒಂದು ಆಡಳಿತದ ಗೆರೆ. ಗೆರೆಯ ಈ ಕಡೆ ಇದ್ದದ್ದಕ್ಕೆ ಕೆಲವರು ಸತ್ತರು. ನಾನು ಇದನ್ನು ಬರೀ ಅಂಕಿಯಾಗಿ ಓದಲಾರೆ.

ಇನ್ನೊಂದು ದಾರಿ, ಆಗಲೇ ಯಾರೋ ಬರೆದಿಟ್ಟದ್ದನ್ನು ಹುಡುಕುವುದು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ, ಮಿಷನ್ ಆಸ್ಪತ್ರೆ ಅಂದರೆ ಎಲ್ಲರಿಗೂ ಗೊತ್ತು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಎಲ್ಲ ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಹಿಡಿದು ಸಂಶೋಧಕರು ಮನೆ ಮನೆ ತಿರುಗಿ, 1934ರಿಂದ 1954ರ ಒಳಗೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆ ಮಾಡಿ ಹೃದಯ ಪರೀಕ್ಷೆ ಮಾಡಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ 11%, 3.1 ಕಿಲೋ ದಾಟಿದವರಲ್ಲಿ 3%. ಮಗುವೂ ಸಣ್ಣ, ತಾಯಿಯೂ 45 ಕಿಲೋಗಿಂತ ಕಡಿಮೆ ಇದ್ದಲ್ಲಿ 20%. ಬಸುರಿಯೊಬ್ಬಳ ತಟ್ಟೆಯಲ್ಲಿ ಏನಿತ್ತು, ಎಷ್ಟು ದುಡಿದಳು ಅನ್ನುವುದು ಅರ್ಧ ಶತಮಾನ ಕಳೆದು ಮಗನ ಎದೆಯಲ್ಲಿ ಕಾಣಿಸುತ್ತದೆ. ಯಾವ ಸರ್ವೆಯವರು ಅದನ್ನು ಆ ಮಗನನ್ನು ಕೇಳಿ ತಿಳಿದುಕೊಳ್ಳಲು ಸಾಧ್ಯ? ಹೆರಿಗೆ ಕೋಣೆಯಲ್ಲಿ ದಿನಾ ತಪ್ಪದೆ ತೂಕ ಹಾಕಿ ಬರೆದ ಆ ನರ್ಸುಗಳಿಗೆ ತಮ್ಮ ಬರವಣಿಗೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಲು ಸಾಧ್ಯವೇ ಇಲ್ಲ.

ಈ ಮೈಸೂರಿನ ವಿಷಯ ಓದಿದ ಮೇಲೆ ನಾನು ಊರಿಗೆ ಹೋದಾಗ ಅಮ್ಮನ ಹತ್ತಿರ ಬ್ರಾಂಚಿನ ಪುಸ್ತಕ ಕೇಳಿದೆ. ದಿನಾ ಕೊಂಡುಹೋದ ಬೀಡಿಯ ಲೆಕ್ಕ ಬರೆದು ಕೊಡುವ ಪುಸ್ತಕ. ಪಿಎಫ್‌ಗೆ ಬೇಕಾದೀತು ಅಂತ ಅಮ್ಮ ಎಲ್ಲವನ್ನೂ ಕಬ್ಬಿಣದ ಪೆಟ್ಟಿಗೆಯಲ್ಲಿ, ಒಂದು ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ ಇಟ್ಟಿದ್ದರು. ಬಿಚ್ಚಿದಾಗ ಇನ್ನೂ ಹೊಗೆಸೊಪ್ಪಿನ ವಾಸನೆ.

ಮೊದಲು ಸುಮ್ನೆ ಫಾರಂನ ಪ್ರಶ್ನೆಗಳನ್ನೇ ಕೇಳಿದೆ. ಕೆಲಸ ಮಾಡುವಾಗ ಕಾಯಿಲೆ ಎಲ್ಲ ಏನಾದರೂ ಇತ್ತಾ? "ಎಂತದೂ ಇಲ್ಲ ಮಾರಾಯ್ತಿ, ನಾನು ಗಟ್ಟಿ ಇದ್ದೆ."

ಆಮೇಲೆ ಪುಟ ತಿರುಗಿಸುತ್ತಾ ಹೋದೆವು. 650, 700, 600, 680. ಹೀಗೇ ಪುಟಗಟ್ಟಲೆ. 2008ರ ಪುಸ್ತಕದಲ್ಲಿ ಮಳೆಗಾಲದ ಹೊತ್ತಿಗೆ ಅಂಕಿ ಇದ್ದಕ್ಕಿದ್ದಂತೆ ಬಿದ್ದಿತ್ತು. 200, 150, ಕೆಲವು ದಿನ ಏನೂ ಇಲ್ಲ. ಇದೆಂತ ಅಂದೆ. ಅಮ್ಮ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದರು. "ಅದು ಚಿಕೂನ್‌ಗುನ್ಯಾ. ಬೆರಳು ಮಡಚಲು ಆಗುತ್ತಿರಲಿಲ್ಲ, ನೂಲು ಹಿಡಿಯಲಿಕ್ಕೆ ಆಗುತ್ತಿರಲಿಲ್ಲ. ಊರಿಗೆ ಊರೇ ಕುಂಟುತ್ತಿತ್ತಲ್ವಾ." ಇನ್ನೊಂದು ಕಡೆ ಎಂಟು ದಿನ ಖಾಲಿ. ಅದು ಗರ್ಭಕೋಶದ ತೊಂದರೆ, ನನಗೆ ಈವರೆಗೆ ಹೇಳಿಯೇ ಇರಲಿಲ್ಲ. ಪ್ರತಿ ವರ್ಷ ಮಳೆ ಜೋರಿರುವ ಆಟಿ ತಿಂಗಳಲ್ಲಿ ನೂರು ನೂರೈವತ್ತು ಕಡಿಮೆ, ಅದು ಕೆಮ್ಮು. ಹತ್ತು ನಿಮಿಷ ಮೊದಲು ಎಂತದೂ ಇಲ್ಲ ಅಂದಿದ್ದ ಅಮ್ಮ ಈಗ ಅಂಕಿ ನೋಡಿ ನೋಡಿ ಒಂದೊಂದೇ ಹೇಳುತ್ತಿದ್ದರು. ಎಷ್ಟು ದುಡಿದದ್ದು, ಎಷ್ಟು ಬಂದದ್ದು, ಯಾವಾಗ ಮೈ ಸೋತದ್ದು, ಮೂರೂ ಒಂದೇ ಸಾಲಿನಲ್ಲಿ. ನಾನು 22 ಪುಟದಲ್ಲಿ ಬೇರೆ ಬೇರೆ ಮಾಡಿ ಕೇಳುತ್ತಿದ್ದದ್ದು.

2003ರ ಪುಸ್ತಕ ಬಂತು. ಜುಲೈಯಲ್ಲಿ ಒಂದು ವಾರ ಖಾಲಿ. ಆಮೇಲೆ ಅಂಕಿ ಇಳಿಯಲಿಲ್ಲ, ಏರಿತ್ತು. 1,000, 1,100, 1,050. ದೀಪಾವಳಿಯವರೆಗೂ ಹಾಗೇ.

"ಇಷ್ಟು ಜಾಸ್ತಿ ಹೇಗೆ?"

"ಅಪ್ಪ ಅಡಿಕೆಗೆ ಮದ್ದು ಬಿಡಲಿಕ್ಕೆ ಹತ್ತಿ ಬಿದ್ದದ್ದು ಆ ವರ್ಷ ಅಲ್ವಾ. ಕಾಲು ಮುರಿದು ನಾಲ್ಕು ತಿಂಗಳು ಮಲಗಿದ್ದು. ಪಕ್ಕದ ಮನೆಯ ಎಲೆಯನ್ನೂ ತಂದು ಕಟ್ಟಿದ್ದು."

"ನೀವೊಬ್ಬರೇ ಸಾವಿರದ ನೂರು?"

ಅಮ್ಮ ಪುಸ್ತಕ ಮುಚ್ಚಿ, ಸೀರೆಯ ತುಂಡಿನಲ್ಲಿ ಮತ್ತೆ ಸುತ್ತಿದರು. "ಎಲ್ಲಿ ಒಬ್ಬಳೇ? ಅದರಲ್ಲಿ ನಾನೂರು ನೀನು ಕಟ್ಟಿದ್ದು. ಎಂಟನೇ ಕ್ಲಾಸಿನಲ್ಲಿ ಇದ್ದೆ ಆಗ. ಶಾಲೆಯಿಂದ ಬಂದು ಕೂತರೆ ಏಳುತ್ತಿರಲಿಲ್ಲ."

ನನಗೆ ಅದು ನೆನಪೇ ಇರಲಿಲ್ಲ.